ಬೀಗತಿ ತರಬೇತಿಗೆ ಯಾಕೆ ಬಂದಳು

ಪುಕ್ಕಟೆ ಏನಾದರೂ ಕೊಡುತ್ತೇವೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವವಳು ನಾನು. ಪುಕ್ಕಟೆಯ ಹಿಂದೆ ಎಷ್ಟು ಫೋಟೊ, ಎಷ್ಟು ಹಾರ, ಎಷ್ಟು ಭಾಷಣ ಇರುತ್ತವೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಸರಕಲ್ಲಿನ ನಮ್ಮ ಓಣಿಗೆ ಮೈಕು ಕಟ್ಟಿದ ಆಟೊ ಬಂದು, ಭಾನುವಾರ ಸಮುದಾಯ ಭವನದಲ್ಲಿ ಪ್ರಥಮ ಚಿಕಿತ್ಸೆ ತರಬೇತಿ ಅದ, ಹೆಣ್ಣುಮಕ್ಕಳೆಲ್ಲ ಬರ್ರಿ, ಉಪ್ಪಿಟ್ಟು ಚಹಾ ಅದ ಎಂದು ಕೂಗಿದಾಗ ನನ್ನ ತಲೆಗೆ ಬಂದದ್ದು ಒಂದೇ ಪ್ರಶ್ನೆ. ನಮ್ಮ ಓಣಿಗೇ ಯಾಕೆ? ಊರಲ್ಲಿ ಬೇರೆ ಓಣಿ ಇರಲಿಲ್ಲವೆ?

ಹೀಗೆ ಸಂಶಯಪಡಲು ಕಾರಣವೂ ಇತ್ತು. ನನ್ನ ತಂಗಿಗೆ ಫಿಟ್ಸ್ ಬರುತ್ತಿತ್ತು. ಅದು ಮನೆಯ ಗೋಡೆ ದಾಟದಂತೆ ಅವ್ವ ಮತ್ತು ನಾನು ಕಾದುಕೊಂಡು ಬಂದಿದ್ದೆವು. ದೇವದುರ್ಗದ ಔಷಧಿ ಅಂಗಡಿಯವನಿಗೆ ನಮ್ಮ ಓಣಿಯ ಅರ್ಧ ಜನ ಗೊತ್ತು. ಅದಕ್ಕೇ ಗುಳಿಗೆ ತರಲು ರಾಯಚೂರಿಗೆ ಹೋಗುತ್ತಿದ್ದೆ. ಯಾರಾದರೂ ಕೇಳಿದರೆ ಬ್ಲೌಸ್ ಪೀಸ್ ತರಾಕ ಎನ್ನುತ್ತಿದ್ದೆ. ಹಾಗಂದ ಮೇಲೆ ಒಂದು ಬ್ಲೌಸ್ ಪೀಸ್ ತರಲೇಬೇಕಲ್ಲ. ನಮ್ಮ ಟ್ರಂಕಿನಲ್ಲಿ ಹೊಲಿಸದ ಬ್ಲೌಸ್ ಪೀಸುಗಳು ಇವತ್ತಿಗೂ ರಾಶಿ ಬಿದ್ದಿವೆ.

ತಂಗಿ ಬಿದ್ದಾಗ ಅವ್ವ ಮಾಡುತ್ತಿದ್ದದ್ದು ನಮ್ಮ ಕಡೆ ಎಲ್ಲರೂ ಮಾಡುವುದನ್ನೇ. ಕೈಗೆ ಕಬ್ಬಿಣ ಹಿಡಿಸುವುದು. ಕುಡಗೋಲಾದರೂ ಸರಿ, ಬೀಗದ ಕೈಯಾದರೂ ಸರಿ, ಕಬ್ಬಿಣ ತಾಗಿದರೆ ಮೂರ್ಛೆ ಬಿಟ್ಟು ಹೋಗುತ್ತದೆಂದು ನಂಬಿಕೆ. ನಮ್ಮ ಮನೆಗಿರುವುದು ಒಂದೇ ಬಾಗಿಲು, ಒಂದೇ ಬೀಗ. ಆದರೂ ಅವ್ವ ದೊಡ್ಡದೊಂದು ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಹತ್ತಿ ಬಿಡಿಸಲು ಹೋದಾಗಲೂ ಅದು ಇರಬೇಕು. ಓಣಿಯ ಹೆಂಗಸರು “ಸಾವ್ಕಾರ್ತಿ ಬಂದ್ಲು, ಜಾಗ ಬಿಡ್ರಿ” ಎಂದು ಚೇಷ್ಟೆ ಮಾಡುತ್ತಿದ್ದರು. ಅವ್ವ ಅವರ ಜೊತೆ ತಾನೂ ನಗುತ್ತಿದ್ದಳು. ಯಾಕೆ ಸಿಕ್ಕಿಸಿಕೊಂಡಿದ್ದಾಳೆಂದು ಅವರಿಗೆ ತಿಳಿಯದಿದ್ದರೆ ಸಾಕಿತ್ತು.

ಅವ್ವ ಬುದ್ಧ ವಿಹಾರಕ್ಕೂ ಹೋಗುತ್ತಾಳೆ, ಎಲ್ಲಮ್ಮನ ಗುಡಿಗೂ ಹೋಗುತ್ತಾಳೆ. ಯಾರನ್ನೂ ಎದುರು ಹಾಕಿಕೊಳ್ಳುವ ಹೆಂಗಸಲ್ಲ. ತಂಗಿಯ ಫಿಟ್ಸ್ ನಿಲ್ಲಲೆಂದು ನೀರಮಾನ್ವಿಯ ಎಲ್ಲಮ್ಮನಿಗೆ ಹರಕೆ ಹೊರಲು ಹೋದಾಗಲೇ ಆಕೆಯ ಮದುವೆಯ ಮಾತು ಹುಟ್ಟಿದ್ದು. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಅಲ್ಲಿನ ಹೆಂಗಸೊಬ್ಬಳು ತಂಗಿಯನ್ನು ನೋಡಿ, ಯಾವೂರು, ಯಾರ ಪೈಕಿ ಎಂದೆಲ್ಲ ವಿಚಾರಿಸಿ, ತನ್ನ ಮಗನಿಗೆ ಕೇಳಿಯೇಬಿಟ್ಟಳು. ಹುಡುಗ ಮಾನ್ವಿಯ ರೈಸ್ ಮಿಲ್ಲೊಂದರಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಎರಡೂ ಕಡೆಯ ಹಿರಿಯರು ಕೂತು ನಿಶ್ಚಯವೂ ಆಯಿತು. ಫಿಟ್ಸಿನ ವಿಷಯ ಅವರಿಗೆ ಹೇಳೋಣವೇ ಎಂದು ತಂಗಿ ಕೇಳಿದಾಗ, “ತಲಿ ಮ್ಯಾಲ ಅಕ್ಕಿಕಾಳು ಬೀಳೋ ತನಕ ತುಟಿ ಬಿಚ್ಚಬ್ಯಾಡ” ಎಂದು ಅವ್ವ ಗದರಿದಳು. ನಾನೂ ಅವ್ವನ ಪಕ್ಷವೇ.

ಹೋಗದಿದ್ದರೆ ಓಣಿಯವರು ಯಾಕೆಂದು ಕೇಳುತ್ತಾರೆಂದು ಭಾನುವಾರ ನಾವು ಮೂವರೂ ಸಮುದಾಯ ಭವನಕ್ಕೆ ಹೋಗಿ ಜಮಖಾನದ ಮೇಲೆ ಕೂತೆವು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ಅದೇ ನೀರಮಾನ್ವಿಯ ಬೀಗತಿ! ಎರಡು ಬಸ್ಸು ಬದಲಿಸಿ ಬಂದಿದ್ದಳು. ಅವ್ವ ಎದ್ದು, “ಬರ್ರಿ ಬೀಗತೀ, ಏನು ಇತ್ತ ಕಡಿ?” ಎಂದಳು.

“ಏನಿಲ್ರಿ, ಇಲ್ಲಿ ಟ್ರೇನಿಂಗ್ ಅದ ಅಂದ್ರು. ನಮ್ಮೂರಾಗ ಇಂಥಾದು ಆಗಿಲ್ಲ. ನೋಡಿ ಹೋದ್ರಾತು ಅಂತ ಬಂದೆ.”

ನೋಡಿ ಹೋಗಲು ಯಾರಾದರೂ ಎರಡು ಬಸ್ಸು ಹತ್ತುತ್ತಾರೆಯೇ? ಇಲ್ಲಿ ತರಬೇತಿ ಇದೆಯೆಂದು ಆಕೆಗೆ ಹೇಳಿದವರು ಯಾರು? ನಾನು ಓಣಿಯ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದೆ. ನೀರಮಾನ್ವಿಗೆ ಸುದ್ದಿ ಮುಟ್ಟಿಸುವಂಥ ನಾಲಿಗೆ ಇರುವವರು ಕಡಿಮೆ ಏನಿರಲಿಲ್ಲ. ಬೀಗತಿ ನೇರ ಬಂದು ತಂಗಿಯ ಪಕ್ಕದಲ್ಲೇ ಕೂತಳು. ಅದೂ ನನಗೆ ಸರಿ ಕಾಣಲಿಲ್ಲ.

ತರಬೇತಿ ಕೊಡಲು ಬಂದವರು ರಾಯಚೂರಿನ ಒಬ್ಬ ನರ್ಸ್ ಮೇಡಂ. ಜೊತೆಗೆ ಒಂದು ರಬ್ಬರಿನ ಬೊಂಬೆ ತಂದಿದ್ದರು. ತಲೆ, ಎದೆ ಅಷ್ಟೇ, ಕಾಲಿಲ್ಲ. ಮುಂದೆ ಕೂತಿದ್ದ ಅಜ್ಜಿಯೊಬ್ಬಳು “ಯವ್ವಾ, ಇದರ ಕಾಲು ಬಸ್ಸಿನ್ಯಾಗ ಬಿಟ್ಟು ಬಂದೀರೇನ?” ಎಂದದ್ದಕ್ಕೆ ಭವನವೆಲ್ಲ ನಕ್ಕಿತು. ಬೊಂಬೆಯ ಎದೆ ಒತ್ತಲು ಕರೆದರೆ ಯಾರೂ ಏಳಲೊಲ್ಲರು. ಸತ್ತವರನ್ನು ಎಬ್ಬಿಸುವ ಆಟ ಮನೆತನಕ್ಕೆ ಒಳ್ಳೆಯದಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ನಡೆಸಬೇಡಿ, ಮಂತ್ರ ಹಾಕಿಸುತ್ತ ಕೂಡದೆ ಆಸ್ಪತ್ರೆಗೆ ಒಯ್ಯಿರಿ ಎಂದರು. ಹೊಲದಲ್ಲಿ ಬೆಳೆಗೆ ಔಷಧಿ ಹೊಡೆದು ಬಂದವರ ಬಟ್ಟೆ ಮೊದಲು ಬಿಚ್ಚಿಸಿ ಮೈ ತೊಳೆಸಿ ಎಂದರು. ಒಳ್ಳೆಯ ಮಾತುಗಳೇ. ನನ್ನ ಕಿವಿ ಅಲ್ಲಿದ್ದರೂ ಕಣ್ಣು ಬೀಗತಿಯ ಮೇಲಿತ್ತು. ಆಕೆ ಹಾವಿಗೂ ತಲೆಯಾಡಿಸಲಿಲ್ಲ, ಔಷಧಿಗೂ ತಲೆಯಾಡಿಸಲಿಲ್ಲ. ಏನನ್ನೋ ಕಾಯುತ್ತಿದ್ದವಳ ಹಾಗೆ ಕೂತಿದ್ದಳು.

“ಈಗ ಫಿಟ್ಸ್ ಬಗ್ಗೆ ಮಾತಾಡೋಣ್ರಿ” ಎಂದರು ಮೇಡಂ.

ಬೀಗತಿ ಸೆರಗು ಸರಿಮಾಡಿಕೊಂಡು ಮುಂದೆ ಸರಿದು ಕೂತಳು. ನನಗೆ ಎಲ್ಲವೂ ತಿಳಿದುಹೋಯಿತು ಅನ್ನಿಸಿತು. ಯಾರೋ ಚಾಡಿ ಹೇಳಿದ್ದಾರೆ, ಇವಳು ಖಾತ್ರಿ ಮಾಡಿಕೊಳ್ಳಲು ಬಂದಿದ್ದಾಳೆ, ಸಾಯಂಕಾಲದ ಬಸ್ಸಿಗೆ ಹೋಗಿ ಸಂಬಂಧ ಮುರಿಯುತ್ತಾಳೆ.

ಯಾರಾದರೂ ಬಿದ್ದು ಒದ್ದಾಡಿದರೆ ನೀವು ಏನು ಮಾಡುತ್ತೀರಿ ಎಂದು ಮೇಡಂ ಕೇಳಿದರು. ಕಬ್ಬಿಣ ಹಿಡಿಸತೀವಿ ಎಂದಳು ಒಬ್ಬಳು. ಉಳ್ಳಾಗಡ್ಡಿ ಮೂಸಿಸತೀವಿ, ಚಪ್ಪಲಿ ಮೂಸಿಸತೀವಿ, ಹಲ್ಲಿನ ನಡುವ ಚಮಚ ಇಡತೀವಿ ಎಂದು ಉಳಿದವರು. ಆಗ ಬೀಗತಿ ಬಾಯಿ ತೆರೆದಳು.

“ಬಾಯಿಗೆ ನೀರು ಹಾಕಿದ್ರ ಏನಾಗ್ತದ್ರಿ ಮೇಡಂ?”

“ಎಚ್ಚರ ಪೂರಾ ಬರೋ ತನಕ ಏನೂ ಹಾಕಬಾರದ್ರಿ. ನುಂಗೋ ಶಕ್ತಿ ಇರಂಗಿಲ್ಲ. ನೀರು ಉಸಿರಿನ ಕೊಳವಿಗೆ ಹೋದ್ರ ಜೀವಕ್ಕ ಅಪಾಯ.”

“ಒಂದು ಚರಿಗಿ ನೀರು ಹಾಕಿದ್ರ?”

“ಒಂದು ಗುಟುಕೂ ಬ್ಯಾಡ್ರಿ.”

ಕೇಳಿದ್ದನ್ನೇ ತಿರುವಿ ಯಾಕೆ ಕೇಳುತ್ತಾಳೆ? ತಂಗಿಯ ಮುಖ ಬಿಳಿಚುತ್ತದೋ ಎಂದು ನೋಡಲಿಕ್ಕೆ ಎಂದುಕೊಂಡೆ.

ಕೈಗೆ ಕಬ್ಬಿಣ, ಬಾಯಿಗೆ ಚಮಚ ಎರಡೂ ಬೇಡ ಎಂದರು ಮೇಡಂ. ಒತ್ತಿ ಹಿಡಿಯಬೇಡಿ, ಸುತ್ತಲಿನ ಕಲ್ಲು ಮುಳ್ಳು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಒದ್ದಾಟ ಇಳಿಯುತ್ತಿದ್ದಂತೆ ಮಗ್ಗುಲಿಗೆ ತಿರುಗಿಸಿ ಮಲಗಿಸಿರಿ, ಜೊಲ್ಲು ಹೊರಗೆ ಹರಿದು ಹೋಗಲಿ, ಬೇಗ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಿರಿ. ಕೇಳುತ್ತ ಕೇಳುತ್ತ ನನಗೆ ಬೇರೆಯದೇ ಹೆದರಿಕೆ ಹುಟ್ಟಿತು. ನಾಳೆ ತಂಗಿ ನೀರಮಾನ್ವಿಯ ಅಡುಗೆಮನೆಯಲ್ಲಿ ಬೀಳುತ್ತಾಳೆ. ನಾವು ಮುಚ್ಚಿಟ್ಟಿರುವುದರಿಂದ ಅಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ. ಯಾರು ಬಾಯಿಗೆ ಏನು ತುರುಕುತ್ತಾರೋ, ಆಕೆ ಬದುಕುತ್ತಾಳೋ ಇಲ್ಲವೋ. ಹೇಳಿದರೆ ಮದುವೆ ಹೋಗುತ್ತದೆ, ಹೇಳದಿದ್ದರೆ ಹುಡುಗಿಯೇ ಹೋಗಬಹುದು.

“ಒಬ್ರು ಬಿದ್ದಂಗ ಮಾಡ್ರಿ, ತೋರಸ್ತೀನಿ” ಎಂದರು ಮೇಡಂ.

ನಮ್ಮ ಓಣಿಯಲ್ಲಿ ಒಬ್ಬಳಿದ್ದಾಳೆ, ಯಾರ ನಕಲನ್ನಾದರೂ ಮಾಡುವುದರಲ್ಲಿ ಎತ್ತಿದ ಕೈ. ಕರೆಯುವುದೇ ತಡ, ಬಂದು ದಬ್ಬನೆ ಬಿದ್ದಳು. ಕಣ್ಣುಗುಡ್ಡೆ ಮೇಲೆ ಮಾಡಿ, ಹಲ್ಲು ಕಚ್ಚಿ, ಕಾಲು ಬಡಿದು, ಗಂಟಲಿನಲ್ಲಿ ಗೊರಗೊರ ಸದ್ದು ತೆಗೆದಳು. ನನಗೇ ಒಂದು ಕ್ಷಣ ನಿಜ ಅನ್ನಿಸಿತು. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಅವ್ವ ಇರಲೇ ಇಲ್ಲ.

ಯಾರೂ ಕಣ್ಣು ಮಿಟುಕಿಸುವ ಮೊದಲು ಅವ್ವ ನುಗ್ಗಿ, ಸೊಂಟದ ಗೊಂಚಲನ್ನು ಕಿತ್ತು, ಬಿದ್ದವಳ ಮುಷ್ಟಿಯನ್ನು ಹೆಬ್ಬೆರಳ ಕಡೆಯಿಂದ ಬಿಡಿಸಿ, ಬೀಗದ ಕೈಗಳನ್ನು ಒಳಗಿಟ್ಟು ಗಟ್ಟಿಯಾಗಿ ಮುಚ್ಚಿ, ಇನ್ನೊಂದು ಕೈಯಿಂದ ಆಕೆಯ ದವಡೆ ಹಿಡಿದು, “ಬಿಡು ಯವ್ವಾ, ಬಿಡು ನನ್ನ ಬಂಗಾರಾ, ನಾ ಇದ್ದೀನಿ” ಎನ್ನತೊಡಗಿದಳು. ನಕಲು ಮಾಡುತ್ತಿದ್ದವಳು ಗಾಬರಿಯಾಗಿ ಎದ್ದು ಕೂತಳು. ಭವನದಲ್ಲಿ ಒಬ್ಬರೂ ನಗಲಿಲ್ಲ. ಆ ಕೈಗಳು ಅದನ್ನು ಎಷ್ಟು ಸಲ ಮಾಡಿವೆ ಎಂದು ನೋಡಿದವರಿಗೆಲ್ಲ ತಿಳಿದುಹೋಗಿತ್ತು. ಒಬ್ಬೊಬ್ಬರೇ ತಿರುಗಿ ತಂಗಿಯನ್ನು ನೋಡಿದರು.

“ನಮ್ಮ ಅಜ್ಜಿಗಿತ್ತು” ಎಂದೆ ನಾನು, ಯಾರೂ ಕೇಳದಿದ್ದರೂ.

“ಸುಳ್ಳ್ಯಾಕಕ್ಕಾ?” ಎಂದಳು ತಂಗಿ. “ನನಗದ.”

ಅವ್ವ ಅಲ್ಲೇ ಕುಸಿದು ಮುಖಕ್ಕೆ ಸೆರಗು ಹಾಕಿಕೊಂಡಳು. ಬೀಗತಿ ಎದ್ದು ಬಂದು ಅವ್ವನ ರಟ್ಟೆ ಹಿಡಿದಳು. “ಅಳಬ್ಯಾಡ್ರಿ ಬೀಗತೀ. ನಮಗ ಗೊತ್ತದ. ನಿಶ್ಚಯ ಆದ ವಾರದಾಗ ಹುಡುಗಿ ನಮ್ಮ ಹುಡುಗಗ ಫೋನಿನ್ಯಾಗ ಹೇಳ್ಯಾಳ. ಇಲ್ಲಿ ಟ್ರೇನಿಂಗ್ ಅದ ಅಂತ ಹೇಳಿದಾಕಿನೂ ಆಕಿನ.”

ಬೇರೆಯವರಾಗಿದ್ದರೆ ಇಷ್ಟಕ್ಕೆ ಕೈಮುಗಿದು ಸುಮ್ಮನಾಗುತ್ತಿದ್ದರು. ನನ್ನ ಸಂಶಯ ಇನ್ನೂ ಬಲವಾಯಿತು. ಗೊತ್ತಿದ್ದೂ ಒಪ್ಪಿಕೊಂಡಿದ್ದಾರೆ ಎಂದರೆ ಹುಡುಗನಲ್ಲಿ ಏನೋ ಐಬು ಇರಲೇಬೇಕು. ಕುಡಿತವೋ, ಕಾಯಿಲೆಯೋ, ಮಾನ್ವಿಯಲ್ಲಿ ಇನ್ನೊಂದು ಸಂಸಾರವೋ. ಚಹಾ ಕೊಡುವಾಗ ಬೀಗತಿ ಒಬ್ಬಳೇ ಹೊರಗಿನ ಕಟ್ಟೆಗೆ ಹೋಗಿ ಕೂತದ್ದನ್ನು ನೋಡಿ ಹಿಂದೆಯೇ ಹೋದೆ.

“ಅತ್ತೀ, ಸಿಟ್ಟಾಗಬ್ಯಾಡ್ರಿ. ನಿಮ್ಮ ಹುಡುಗಗ ಏನೈತಿ ಹೇಳಿಬಿಡ್ರಿ. ಏನೂ ಇಲ್ಲಂದ್ರ ನಮ್ಮ ಹುಡುಗೀನ್ನ ಯಾಕ ಒಪ್ಪಿಕೊಂಡ್ರಿ?”

ಆಕೆ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಚಹಾ ಕುಡಿದಿರಲಿಲ್ಲ. ಬಟ್ಟಲನ್ನು ಕೆಳಗಿಟ್ಟಳು.

“ಹುಡುಗಗ ಏನೂ ಇಲ್ಲ ಯವ್ವಾ. ನನ್ನ ಅಕ್ಕಗ ಇತ್ತು. ಅದನ್ನ ಮುಚ್ಚಿಟ್ಟು ಲಗ್ನ ಮಾಡಿದ್ರು. ಗಂಡನ ಮನ್ಯಾಗ ಒಮ್ಮಿ ಬಿದ್ಲು, ಮರುದಿನ ತಂದು ನಮ್ಮ ಅಂಗಳದಾಗ ಬಿಟ್ಟು ಹೋದ್ರು. ಆಮ್ಯಾಲ ಒಂದಿನ ಅಪ್ಪ ಅವ್ವ ನಾಟಿ ಹಚ್ಚಾಕ ಹೋಗಿದ್ರು. ಮನ್ಯಾಗ ನಾವಿಬ್ರ, ನಾ ಇನ್ನಾ ಸಣ್ಣಾಕಿ. ಒಲಿ ಮುಂದ ಬಿದ್ಲು. ತುಟಿ ಹಿಂಗ ಹಿಂಗ ಮಾಡಾಕತ್ತಿದ್ಲು. ನೀರಡಿಸ್ಯಾಳ ಅಂತ ತಿಳದೆ.” ಆಕೆ ತನ್ನ ಬಲಗೈಯನ್ನೇ ನೋಡಿಕೊಂಡಳು. “ಚರಿಗಿ ತಂದು ಪೂರಾ ಹಾಕಿದೆ. ಕೆಮ್ಮಿದ್ಲು, ಕೆಮ್ಮಿದ್ಲು, ಸುಮ್ಮಗಾದ್ಲು. ಫಿಟ್ಸಿಗೆ ಹೋದ್ಲು ಅಂದ್ರು ಎಲ್ಲಾರೂ. ನಾನೂ ಹಂಗ ಅಂದೆ. ಆದ್ರ ಇಷ್ಟು ವರ್ಷ ಒಳಗ ಒಂದು ಸಂಶಯ ಇತ್ತವ್ವಾ. ಇವತ್ತು ಹೋತು.”

ನನಗೆ ಅಳು ಬಂತು. ನೀವು ಸಣ್ಣವರಿದ್ದಿರಿ ಎಂದೆ. ಆಕೆ ಹೂಂ ಎಂದಳು, ಎದ್ದು ಒಳಗೆ ಹೋದಳು.

ಉಪ್ಪಿಟ್ಟಿನ ತಟ್ಟೆ ಹಿಡಿದು ಹೆಂಗಸರು ಗುಂಪುಗುಂಪಾಗಿ ಪಿಸುಗುಡುತ್ತಿದ್ದರು. ಬೀಗತಿ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ತಂಗಿಗೆ ಜಮಖಾನ ತೋರಿಸಿ ಮಲಗು ಎಂದಳು. ತಂಗಿ ಒಮ್ಮೆ ನನ್ನ ಮುಖ ನೋಡಿ ಮಲಗಿದಳು. ಬೀಗತಿ ಆಕೆಯ ಪಕ್ಕ ಮಂಡಿಯೂರಿ, ಮೇಡಂ ಹೇಳಿದಂತೆ ಮೊಣಕಾಲು ಮಡಚಿ, ಭುಜ ಹಿಡಿದು ಮಗ್ಗುಲಿಗೆ ತಿರುಗಿಸಿದಳು. ಬಾಯಿ ಇನ್ನಷ್ಟು ಕೆಳಮುಖ ಆಗಲಿ ಎಂದರು ಮೇಡಂ. ಅಂಗಾತ ಮಲಗಿಸಿ ಮತ್ತೆ ತಿರುಗಿಸಿದಳು. ಈಗ ಸರಿ ಅದ ಎಂದರು ಮೇಡಂ. ಆದರೂ ಆಕೆ ಬಿಡಲಿಲ್ಲ, ಮತ್ತೆ ತಿರುಗಿಸಿದಳು.

“ಏನಾಗಂಗಿಲ್ಲ ಅಕ್ಕಾ, ಏನಾಗಂಗಿಲ್ಲ” ಎನ್ನುತ್ತಿದ್ದಳು, ಮಗಳ ವಯಸ್ಸಿನ ಹುಡುಗಿಯ ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು. ತಂಗಿ ಕಣ್ಣು ಮುಚ್ಚಿಕೊಂಡು ಹೂಂ ಎಂದಳು.