ಏಪ್ರಿಲ್ ತಿಂಗಳ ಹೊಲ

ತಪ್ಪು ಉಪಗ್ರಹದ್ದು ಅಂತ ನಮ್ಮ ಭೂಗೋಳ ವಿಭಾಗದಲ್ಲಿ ಹೇಳುತ್ತಾರೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ನೆಲ ಕಂದು ಬಣ್ಣಕ್ಕೆ ಕಂಡಿತಂತೆ, ಕಂಪ್ಯೂಟರು ಅದನ್ನು ಬೀಳು ಭೂಮಿ ಅಂದುಕೊಂಡಿತಂತೆ, ಪಾಪ. ಕೇಳೋಕೆ ಚೆನ್ನಾಗಿದೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ. ಆದರೆ ಉಪಗ್ರಹಕ್ಕೆ ಸ್ಪಷ್ಟವಾಗದ ಕಡೆಗೆಲ್ಲ ನಡೆದು ಹೋಗಿ, ಕಣ್ಣಾರೆ ನೋಡಿ ಬರೆದುಕೊಂಡು ಬನ್ನಿ ಅಂತಲೇ ಅಲ್ಲವೇ ನಮ್ಮನ್ನು ಕಳಿಸಿದ್ದು? ಆ ಹೊಲದಲ್ಲಿ ನಿಂತಿದ್ದವಳು ನಾನು. ಫೋನಿನಲ್ಲಿ ‘ಬೀಳು’ ಅಂತ ಒತ್ತಿದ್ದು ನನ್ನ ಹೆಬ್ಬೆರಳು.

ಭೂಬಳಕೆ ಯೋಜನೆ ಎಂಎಸ್ಸಿ ಕೊನೆಯ ವರ್ಷದ ವಿಷಯ. ಪ್ರಾಜೆಕ್ಟಿಗೆ ನಮ್ಮ ಪಾಲಿಗೆ ಬಂದದ್ದು ನಂದಗುಡಿ ಕಡೆಯ ಒಂದು ಹಳ್ಳಿ. ಇಂಟರ್ನಲ್ಸ್ ಮುಗಿದು ಪರೀಕ್ಷೆ ಶುರುವಾಗುವ ಮಧ್ಯೆ ಬಿಡುವು ಸಿಕ್ಕಿದ್ದು ಏಪ್ರಿಲ್ಲಿನಲ್ಲಿ, ಹಾಗಾಗಿ ಸರ್ವೆಯೂ ಏಪ್ರಿಲ್ಲಿನಲ್ಲಿ. ಮಳೆ ನಂಬಿದ ರಾಗಿ ಹೊಲ ಆಗ ಬರಿದಾಗಿರುತ್ತದೆ. ಕೊಯ್ಲು ಮುಗಿದು ತಿಂಗಳುಗಳಾಗಿರುತ್ತವೆ, ಬಿತ್ತನೆಗೆ ಇನ್ನೂ ಮಳೆ ಬರಬೇಕು. ಸೆಮಿಸ್ಟರಿಗೂ ರಾಗಿಗೂ ಒಂದೇ ಕ್ಯಾಲೆಂಡರ್ ಇರಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಅಥವಾ ಯೋಚಿಸಿ ಸುಮ್ಮನಾಗಿದ್ದರು.

ಆ ಹೊಲದವರು ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. ಇದ್ದದ್ದು ಒಂದೂವರೆ ಎಕರೆ. ನಾನು ಫೋನ್ ಹಿಡಿದದ್ದು ಕಂಡು ಬದು ದಾಟಿ ಬಂದರು.

“ಏನಮ್ಮಾ ಬರ್ಕೊಂತಿದ್ದೀಯ?”

“ಬೀಳು ಅಂತ, ಅಮ್ಮ.”

“ಬೀಳಾ? ಯಾವನು ಬೀಳು ಬಿಟ್ಟವ್ನೆ? ಅಗಾ, ಅಲ್ಲಿ ನೋಡು ಮೆದೆ. ಆ ಹುಲ್ಲು ಎಲ್ಲಿಂದ ಬಂತು, ನಿಮ್ ಕಾಲೇಜಿಂದ್ಲಾ?”

ಜೊತೆಗಿದ್ದ ಗೆಳೆಯ ನಕ್ಕುಬಿಟ್ಟ. ನನಗೆ ಅಲ್ಲೇ ಉರಿಯಿತು. ಡಿಗ್ರಿಯಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದುಕೊಂಡು ಬಂದವಳು ನಾನು. ಅಲ್ಲಿ ಮೊದಲು ಕಲಿಸೋದೇ ಇದು: ಪದದ ಅರ್ಥ ಏನು ಅನ್ನೋದನ್ನ ನೀನೇ ನಿರ್ಧರಿಸು, ಎದುರಿನವರ ಕೈಗೆ ಬಿಡಬೇಡ.

“ಇವತ್ತು ಈ ನೆಲದ ಮೇಲೆ ಏನಿದೆ, ಹೇಳಿ?”

“ಇವತ್ತೇನೂ ಇಲ್ಲ. ಒಂದು ಹದ ಮಳೆ ಬರ್ಲಿ, ಆಗ...”

“ನಾನು ಕೇಳಿದ್ದು ಇವತ್ತು.”

“ಇವತ್ತಿಲ್ಲ ಕಣಮ್ಮ, ಆದ್ರೆ...”

“ನೀವೇ ಹೇಳಿದ್ರಲ್ಲ. ಮುಗೀತು.”

“ನನ್ನ ಒಂದು ಹಸ ಈಗ ಹಾಲು ಕರೀತಿಲ್ಲ, ಗಬ್ಬ ಐತೆ. ಅದನ್ನೂ ಗೊಡ್ಡು ಅಂತ ಬರ್ಕೊಂತೀಯಾ?”

ಉತ್ತರ ಇಲ್ಲದಾಗ ಮುಂದಿನ ಅಂಶಕ್ಕೆ ದಾಟಿಬಿಡಬೇಕು, ಅದನ್ನೂ ಚರ್ಚಾಸ್ಪರ್ಧೆಯಲ್ಲೇ ಕಲಿಸುತ್ತಾರೆ. ದಾಟಿದೆ. ಮುಂದಿನದು ಫೋಟೋ.

ಹೊಲದ ತುಂಬ ಸಾಲಾಗಿ ಗೊಬ್ಬರದ ಗುಡ್ಡೆಗಳಿದ್ದವು. ನಮ್ಮಪ್ಪ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ವಾರವೆಲ್ಲ ಶಿಫ್ಟ್ ಮಾಡಿ, ಭಾನುವಾರ ನಮ್ಮ ಅರ್ಧ ಎಕರೆ ರಾಗಿ ಹೊಲಕ್ಕೆ ಇಂಥವೇ ಗುಡ್ಡೆ ಹಾಕುತ್ತಾರೆ. ಅದನ್ನು ಚೆಲ್ಲಿ ನನ್ನ ಕೈಗೂ ಬೊಬ್ಬೆ ಬಂದದ್ದುಂಟು. ಬೀಳು ಬಿಟ್ಟ ನೆಲಕ್ಕೆ ಯಾರೂ ಗೊಬ್ಬರ ಹೊಡೆಯೋಲ್ಲ. ಗುಡ್ಡೆಗಳು ಚಿತ್ರದಲ್ಲಿ ಬಂದರೆ ನಾನು ಒತ್ತಿದ್ದು ಸುಳ್ಳಾಗುತ್ತಿತ್ತು, ಗೆದ್ದ ವಾದ ಸೋಲುತ್ತಿತ್ತು. ನಾಲ್ಕು ಹೆಜ್ಜೆ ಆಚೆ ಹೋಗಿ, ಫೋನು ತಿರುಗಿಸಿ, ಬರೀ ಮಣ್ಣು ಬರೋ ಹಾಗೆ ತೆಗೆದೆ.

“ಆ ಕಡೆಯಿಂದ ಯಾಕೇ ತೆಗೀತೀಯ?” ಅಂದ ಗೆಳೆಯ.

“ಬೆಳಕು ಚೆನ್ನಾಗಿದೆ ಕಣೋ.”

ಸರ್ವೆಯ ನಿಯಮದ ಪ್ರಕಾರ ನನ್ನ ಫೋನ್ ನಂಬರಿದ್ದ ಚೀಟಿಯನ್ನು ಆಕೆಯ ಕೈಗೆ ಕೊಟ್ಟು ಬಂದೆ. ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ನಮ್ಮ ಮೇಷ್ಟ್ರು ಅದನ್ನು ಆ ಭಾಗಕ್ಕೆ ಬರಲಿದ್ದ ಯಾವುದೋ ಕೈಗಾರಿಕಾ ಯೋಜನೆಯ ಸಲಹೆಗಾರರಿಗೆ ಕೊಟ್ಟರು. ನನ್ನ ವರದಿ ಹೊರಗೆ ಓದಿಸಿಕೊಳ್ಳುತ್ತಿದೆ ಅಂತ ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ.

ಆಗಸ್ಟ್ ಕೊನೆಯಲ್ಲಿ ಆಕೆಯ ಫೋನ್ ಬಂತು.

“ರಾಗಿ ಮೊಣಕಾಲುದ್ದ ಬಂದೈತೆ ಕಣಮ್ಮ. ಆಫೀಸರು ಬಂದಿದ್ರು, ನನ್ ಹೊಲ ಬೀಳಂತೆ, ಯಾವ್ದೋ ವರದೀಲಿ ಐತಂತೆ. ಬೇಸಾಯ ಇಲ್ದಿರೋ ಜಮೀನು ಮೊದ್ಲು ತಗೊಂತಾರಂತೆ. ತಕರಾರು ಕೊಡಾಕೆ ಶುಕ್ರವಾರ ಕಡೆ. ನೀನ್ ಬರ್ದಿದ್ದು ನೀನೇ ಅಳಿಸ್ಬೇಕು, ಬಾ.”

ಹೋದೆ. ರಾಗಿ ಸಾಲುಗಳ ನಡುನಡುವೆ ಅವರೆ ಸಾಲು. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಅದಕ್ಕೊಂದು ಉತ್ತರವನ್ನೂ ಜೋಡಿಸಿಕೊಂಡಿದ್ದೆ. ಅವರು ಬೈಯಲಿಲ್ಲ. ನಾನು ಫೋನು ತೆಗೆದಾಗ ಇಷ್ಟೇ ಅಂದರು: “ಈಗ ಯಾವ ಕಡೆಯಿಂದ ಬೇಕಾದ್ರೂ ಹಿಡ್ಕೊ.”

ನೋಡಿದ್ದರು. ಏಪ್ರಿಲ್ಲಿನಲ್ಲೇ ನೋಡಿದ್ದರು.

ಗುರುವಾರ ಮೇಷ್ಟ್ರ ಕೋಣೆಗೆ ಹೋದೆ. ನಮ್ಮ ಮೇಷ್ಟ್ರು ಸಾಸಲು ಕಡೆಯವರು, ರಾಗಿ ಬೆಳೆದು ಓದಿಸಿದ ಮನೆಯವರು. ಹೊಸ ಬ್ಯಾಚ್ ಬಂದಾಗಲೆಲ್ಲ ಮೊದಲ ತರಗತಿಯಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಗೊಬ್ಬರದ ಗುಡ್ಡೆಗಳ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಅವರು ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದರು.

“ಬೆಳೆ ಚೆನ್ನಾಗಿ ಬಂದಿದೆ. ಆದ್ರೆ ವರದಿ ತಿದ್ದಕ್ಕಾಗಲ್ಲಮ್ಮ. ಒಂದು ಹೊಲ ತಿದ್ದಿದ್ರೆ ಉಳಿದ ಎಲ್ಲಾ ಹೊಲಾನೂ ತಿದ್ದಿ ಅಂತ ಕೇಳ್ತಾರೆ. ಒಂದು ಪತ್ರ ಬರ್ಕೊಡು, ಈ ಭಾಗದ ಬೇಸಾಯದ ಕ್ರಮ ಗೊತ್ತಿಲ್ಲದೆ ಹೀಗಾಯ್ತು ಅಂತ. ಫೈಲಿಗೆ ಹಾಕ್ತೀನಿ. ಗುಡ್ಡೆ ವಿಷಯ ಎಲ್ಲ ಬೇಡ.”

“ಆ ಪತ್ರದಿಂದ ಅವರ ಹೊಲ ಉಳಿಯುತ್ತಾ ಸರ್?”

“ಅದು ನಮ್ಮ ಕೈಲಿಲ್ಲ. ನಿನ್ನ ಡಿಗ್ರಿಗಂತೂ ತೊಂದರೆ ಆಗಲ್ಲ.”

ಬಿಳಿ ಹಾಳೆ, ಪೆನ್ನು ಎರಡನ್ನೂ ನನ್ನ ಕಡೆ ತಳ್ಳಿದರು. ತಾರೀಖು ಬರೆದೆ. ‘ಮಾನ್ಯರೇ’ ಅಂತಲೂ ಬರೆದೆ. ಅಲ್ಲಿಗೆ ಕೈ ನಿಂತಿತು. ತಲೆ ಎತ್ತಿ ಕೇಳಿದೆ:

“ಸರ್, ಏಪ್ರಿಲ್ಲಿನಲ್ಲಿ ರಾಗಿ ಹೊಲ ಹೇಗಿರುತ್ತೆ ಅನ್ನೋದು ನಮ್ಮಿಬ್ಬರಲ್ಲಿ ಯಾರಿಗೆ ಗೊತ್ತಿರಲಿಲ್ಲ ಅಂತ ಬರೀಲಿ?”