ಹೊನ್ನೆ ಹಲಗೆಗೆ ಸಗಣಿ ಸಾರಿಸಿದ ಶುಕ್ರವಾರ

ನಮ್ಮ ಶ್ರೀನಿವಾಸಪುರದ ಮನೆಯ ನಡುಮನೆಗೆ ಮರದ ನೆಲ ಹಾಕಿಸಬೇಕೆಂದು ಹಟ ಹಿಡಿದವಳು ನಾನೇ. ಮಾಲೂರಿನವಳು ನಾನು; ಹೆಂಚು, ಇಟ್ಟಿಗೆಗಳ ನಡುವೆ ಬೆಳೆದವಳು. ಮೇಷ್ಟ್ರ ಕೆಲಸಕ್ಕೆ ಸೇರಿದ ಶಾಲೆಯ ಹಳೇ ಕಟ್ಟಡದಲ್ಲಿ ಒಂದೇ ಒಂದು ಕೋಣೆಗೆ ಹಲಗೆಯ ನೆಲವಿತ್ತು. ಊಟದ ಬಿಡುವಿನಲ್ಲಿ ಚಪ್ಪಲಿ ಬಿಟ್ಟು ಅದರ ಮೇಲೆ ಕಾಲು ಚಾಚಿ ಕೂತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಅಂಥದ್ದೊಂದು ನಮ್ಮ ಮನೆಯಲ್ಲೂ ಇರಲಿ ಅಂದೆ. ನನ್ನ ಗಂಡ ಯಾವುದಕ್ಕೂ "ನೋಡೋಣ" ಅನ್ನುವ ಮನುಷ್ಯ. ಅವರು ನೋಡೋಣ ಅಂದರೆ ಕೆಲಸ ಆದ ಹಾಗೆಯೇ.

ಮರ ಆರಿಸಲು ಮುಳಬಾಗಿಲಿಗೆ ಹೋದಾಗ ಅತ್ತೆಯೂ ಜೊತೆಗೆ ಬಂದರು. ಗೌನಿಪಲ್ಲಿ ಕಡೆಯ ಮಾವಿನ ತೋಪಿನಲ್ಲಿ ಬೆಳೆದ ಹೆಂಗಸು. ತೆಲುಗು, ಕನ್ನಡ ಎರಡರಲ್ಲೂ ಜಗಳವಾಡಬಲ್ಲವರು. ಬಡಗಿ ಭಾಯ್ ವಯಸ್ಸಾದವರು, ಮಾತು ಮೆತ್ತಗೆ. ನಾನು ಮಾವಿನ ಹಲಗೆಗೆ ಕೈಹಾಕಿದ್ದೇ ತಡ, ತಲೆಯಾಡಿಸಿದರು.

"ಮಾವು ಬ್ಯಾಡ ಮೇಡಂ, ಹುಳ ಬೀಳ್ತದೆ. ಹೊನ್ನೆ ತಗೊಳ್ಳಿ. ಮೊಮ್ಮಕ್ಕಳು ಕುಣಿದ್ರೂ ಅಲ್ಲಾಡಲ್ಲ."

ಅತ್ತೆ ಹೊನ್ನೆ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. "ಗಟ್ಟಿ ಐತೆ, ಸರಿನಪ್ಪಾ. ಸಾರ್ಸೋದೆಂಗೆ?"

"ಸಾರ್ಸೋದಿಲ್ಲಮ್ಮಾ, ಒರ್ಸೋದು. ಬಟ್ಟೆ ಚೆನ್ನಾಗಿ ಹಿಂಡ್ಬಿಟ್ಟು ಒರ್ಸೋದು."

"ಒರ್ಸೋದು ಕನ್ನಡೀನ. ನೆಲಾನ ಸಾರ್ಸ್ತಾರೆ."

ಎಲ್ಲರೂ ನಕ್ಕೆವು. ನಗಬಾರದಿತ್ತು. ಸಗಣಿ ನೀರಿನಲ್ಲಿ ನೆಲ ಸಾರಿಸದೆ ಅವರ ಬದುಕಿನಲ್ಲಿ ಒಂದು ಶುಕ್ರವಾರ ಕಳೆದಿರಲಿಲ್ಲ. ಮಣ್ಣಿನ ನೆಲ ಹೋಗಿ ಮೊಸಾಯಿಕ್ ಬಂದ ಮೇಲೂ ಬಕೆಟ್ಟಿಗೆ ಒಂದು ಚಿಟಿಕೆ ಸಗಣಿ ಬೀಳಲೇಬೇಕಿತ್ತು.

ಹಲಗೆ ಜೋಡಿಸಿ, ಎಣ್ಣೆ ಕುಡಿಸಲು ಮುಂದಿನ ವಾರ ಬರುವೆನೆಂದು ಭಾಯ್ ಹೋದರು. ಮಧ್ಯೆ ಶುಕ್ರವಾರ ಬಂತು. ಸಂಜೆ ನಾನು ಶಾಲೆಯಿಂದ ಬಂದಾಗ ಅತ್ತೆ ಗೆದ್ದವರ ಮುಖ ಮಾಡಿಕೊಂಡು ಬಾಗಿಲಲ್ಲೇ ಕೂತಿದ್ದರು.

"ಆ ಭಾಯ್ ಬಣ್ಣ ಬಳ್ದು ಮೋಸ ಮಾಡವ್ನೆ ಕಣೇ! ಬಟ್ಟೆ ಇಟ್ಟಿದ್ದೇ ಅರಿಶಿನದಂಗೆ ಬಂತು. ನಾನ್ ಬಿಡ್ತೀನಾ? ಬಣ್ಣ ಹೋಗೋವರ್ಗೂ ತೊಳೀತಾನೇ ಇದ್ದೆ."

ಹೊನ್ನೆ ಒದ್ದೆಯಾದರೆ ಹಳದಿ ಬಿಡುತ್ತದೆ, ಅದು ಆ ಮರದ ಗುಣ. ಎಷ್ಟು ತೊಳೆದರೂ ಬಿಡುತ್ತಲೇ ಇರುತ್ತದೆ. ಅತ್ತೆ ಬಕೆಟ್ಟಿನ ಮೇಲೆ ಬಕೆಟ್ಟು ಸುರಿದಿದ್ದರು. ನಾಲ್ಕೇ ದಿನಕ್ಕೆ ಹಲಗೆಗಳು ಉಬ್ಬಿ, ಒಂದರ ಮೇಲೊಂದು ಎದ್ದು, ಬಾಗಿಲು ಹಾಕಲು ಬರದಂತಾಯಿತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯಾಕೆಯ ಎದುರಿಗೇ ಕಿರುಚಿದೆ: "ಇನ್ಮೇಲೆ ಈ ನೆಲ ಮುಟ್ಬೇಡಿ ನೀವು!"

ಅತ್ತೆ ಮರುದಿನದಿಂದ ನಡುಮನೆಗೆ ಕಾಲಿಡುವುದನ್ನೇ ಬಿಟ್ಟರು. ಅವರ ಕೋಣೆ ಮುಂದೆ, ಅಡುಗೆಮನೆ ಹಿಂದೆ. ಕಾಫಿ ಬೇಕಾದರೆ ಅಂಗಳಕ್ಕಿಳಿದು, ಗೋಡೆ ಬದಿಯ ಓಣಿಯಲ್ಲಿ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದರು; ಹನಿ ಬೀಳುತ್ತಿದ್ದರೆ ತಲೆಗೆ ಸೆರಗು ಹೊದ್ದು. ಒಳಗಿಂದಲೇ ಬನ್ನಿ ಅಂದರೆ, "ಮುಟ್ಬೇಡಿ ಅಂದ್ರಲ್ಲಮ್ಮಾ ನೀವು" ಅಂದರು. ಮದುವೆಯಾಗಿ ಬಂದ ದಿನದಿಂದ ನನ್ನನ್ನು ನೀನು, ಕಣೇ ಎಂದು ಕರೆದವರು. ಬೈದಿದ್ದರೆ ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ. ಆ "ನೀವು" ಮಾತ್ರ ಕರುಳಿಗೇ ತಾಕಿತು. ತಪ್ಪಾಯಿತು ಅನ್ನುವ ಮಾತು ದಿನಾ ನಾಲಿಗೆಯ ತುದಿಯವರೆಗೆ ಬರುತ್ತಿತ್ತು, ಆಚೆ ಬರುತ್ತಿರಲಿಲ್ಲ. ನನಗೆ ನೆಲ ಸರಿಹೋಗುವುದಕ್ಕಿಂತ ಅತ್ತೆ ಮತ್ತೆ ಆ ಹೊಸ್ತಿಲು ದಾಟಿದರೆ ಸಾಕಾಗಿತ್ತು.

ಭಾಯ್ ಬಂದು ನೋಡಿ ಹಣೆ ಹಣೆ ಬಡಿದುಕೊಂಡರು. ಹಲಗೆಗಳನ್ನು ಬಿಚ್ಚಿ, ನೆರಳಲ್ಲಿ ವಾರಗಟ್ಟಲೆ ಒಣಗಿಸಿ, ಉಜ್ಜುಗೊರಡು ಹೊಡೆದು, ಗೋಡೆಯ ಬದಿಗೆ ಬೆರಳಗಲ ಸಂದು ಬಿಟ್ಟು ಮತ್ತೆ ಕೂರಿಸಿದರು. ಟರ್ಪಂಟೈನ್ ಬೆರೆಸಿದ ಅಗಸೆ ಎಣ್ಣೆಯ ಡಬ್ಬ ನನ್ನ ಕೈಗಿಟ್ಟು, "ತೆಳ್ಳಗೆ ಹಚ್ಚಿ ಮೇಡಂ. ಜಾಸ್ತಿ ಆದ್ರೆ ಅಂಟ್ತದೆ" ಅಂದರು. ಈ ಸಲ ಎಣ್ಣೆ ನಾನೇ ಹಚ್ಚುತ್ತೇನೆಂದು ಹೇಳಿದ್ದೆ. ಬಾಯಿಬಿಟ್ಟು ಹೇಳಲಾಗದ್ದಕ್ಕೆ ಮಂಡಿಯಾದರೂ ಸವೆಯಲಿ ಎನಿಸಿತ್ತು.

ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಒಂದು ಕಡೆ ಎಣ್ಣೆ ಮಡುಗಟ್ಟಿತು, ಇನ್ನೊಂದು ಕಡೆ ಹಲಗೆ ಬಿಳಿಚಿಕೊಂಡೇ ಉಳಿಯಿತು. ಅರ್ಧ ಕೋಣೆ ಮುಗಿಸಿ ಬೆನ್ನು ನೇರ ಮಾಡಿಕೊಳ್ಳುವಾಗ ಹೊಸ್ತಿಲಾಚೆಯಿಂದ ದನಿ ಬಂತು.

"ಏಯ್, ಅದೇನೇ ಅದು? ಬಾಗ್ಲಿಂದ ಶುರು ಮಾಡಿ ಗೋಡೆಗೋಗಿ ನಿಂತ್ಕೊಂಡ್ರೆ ಆಚೆಗೆಂಗೆ ಬರ್ತೀಯಾ? ಹಾರ್ಕೊಂಡಾ?"

ತಿರುಗಿ ನೋಡಿದೆ. ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ತುದಿಗಾಲಲ್ಲಿ ಹಸಿ ಎಣ್ಣೆಯ ಮೇಲೆಯೇ ನಡೆದು ಬರುತ್ತಿದ್ದರು. ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ಗೋಡೆಯ ಬದಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ಬಲಗೈ ಅರ್ಧಚಂದ್ರದಂತೆ ಎಡದಿಂದ ಬಲಕ್ಕೆ ಹೋಯಿತು, ಅದರ ಅಂಚಿಗೆ ಇನ್ನೊಂದು, ಅದರ ಅಂಚಿಗೆ ಮತ್ತೊಂದು. ಸಗಣಿ ಸಾರಿಸುವ ಅದೇ ಕೈ. ಎಲ್ಲೂ ಎಣ್ಣೆ ನಿಲ್ಲಲಿಲ್ಲ, ಎಲ್ಲೂ ಹಲಗೆ ಬಿಳಿಚಿ ಉಳಿಯಲಿಲ್ಲ. ಹಿಂದಕ್ಕೆ ಸರಿಯುತ್ತಾ, ತಮ್ಮ ಹೆಜ್ಜೆ ಗುರುತುಗಳನ್ನೂ ಅಳಿಸುತ್ತಾ ಬಾಗಿಲಿಗೆ ಬಂದರು. ಅವರ ಹಿಂದೆ ನಾನೂ ಸರಿದೆ. "ನಿಮ್ಮಮ್ಮ ಇದೇನಾ ಕಲ್ಸಿದ್ದು?" ಎಂದು ನನ್ನ ತವರನ್ನೂ ಸೇರಿಸಿ ಬೈದರು. ನನಗೆ ಹಬ್ಬವಾಯಿತು.

ಆಮೇಲೆ ಪ್ರತಿ ವರ್ಷ ಯುಗಾದಿಗೆ ಮುಂಚೆ ಎಣ್ಣೆ ಹಚ್ಚುವುದು ನಮ್ಮಿಬ್ಬರ ಕೆಲಸವಾಯಿತು. ಶುಕ್ರವಾರದ ಸಗಣಿ ನೀರು ಹೊರಗಿನ ಕಲ್ಲಿನ ಮೆಟ್ಟಿಲಿಗೆ ಮಾತ್ರ. ಒಳಗೆ ಹಿಂಡಿದ ಬಟ್ಟೆ. ಬಂದವರಿಗೆಲ್ಲ, "ಹೊನ್ನೆ ಕಣಮ್ಮಾ. ಒರ್ಸೋದೇ, ಸಾರ್ಸೋಂಗಿಲ್ಲ" ಎಂದು ತಾವೇ ಕಂಡುಹಿಡಿದಂತೆ ಹೇಳುತ್ತಿದ್ದರು. ನಾನು ಹಚ್ಚಿದ ಜಾಗದಲ್ಲಿ ಒಂದಾದರೂ ತಪ್ಪು ಹುಡುಕದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಈಗ ಎಣಿಸಿದರೆ ನಾವು ಅತ್ತೆ ಸೊಸೆ ಚೆನ್ನಾಗಿದ್ದ ದಿನಗಳೆಲ್ಲ ಮಂಡಿಯೂರಿ ಕಳೆದವೇ.

ಹೋದ ವರ್ಷ, ಅವರು ತೀರಿಕೊಳ್ಳುವ ಎರಡು ತಿಂಗಳ ಮುಂಚೆ, ಕೆಳಗೆ ಕೂರಲಾಗದೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೋಡೆಯಿಂದ ಶುರು ಮಾಡಿ ನಾನೊಬ್ಬಳೇ ಹಚ್ಚಿದೆ. ಕಿಟಕಿಯ ಕೆಳಗೆ ಅಂಗೈಯಗಲ ಜಾಗಕ್ಕೆ ಬೇಕೆಂದೇ ಎಣ್ಣೆ ಹಚ್ಚದೆ ಬಿಟ್ಟೆ. ಕಣ್ಣಿನ ಆಪರೇಷನ್ ಆದ ಮೇಲೆ ಇರುವೆ ಹರಿದರೂ ಅವರಿಗೆ ಕಾಣುತ್ತಿತ್ತು. ಮುಗಿಸಿ ಅವರ ಕಾಲ ಬಳಿ ಬಂದು ಕೂತು, ಹೇಗಿದೆ ಅತ್ತೇ ಅಂದೆ.

ಆ ಜಾಗವನ್ನೇ ಸ್ವಲ್ಪ ಹೊತ್ತು ನೋಡಿದರು. "ಬಾಗುಂದಿ ಬಿಡೇ" ಅಂದರು. "ಚೆನ್ನಾಗ್ ಮಾಡಿದ್ದೀಯ."

ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತುಬಿಟ್ಟೆ. ಎಷ್ಟು ವರ್ಷ ಕಾದಿದ್ದೆನೋ ಆ ಒಂದು ಮಾತಿಗೆ. ಅವತ್ತು ಅದು ನನಗೆ ಬೇಡವಾಗಿತ್ತು. ಬೈದಿದ್ದರೆ, ಮುಂದಿನ ಯುಗಾದಿಗೂ ಇರುತ್ತಾರೆ ಎಂದುಕೊಂಡು ಇರುತ್ತಿದ್ದೆ.