ಕೆಟ್ಟರೆ ಮಾತ್ರ ಕೇಳಿಬರುವ ಹೆಸರು

ಓಶ್ ಪೇಟೆಯ ಕಂಟೇನರ್ ಅಂಗಡಿಗಳ ಸಾಲಿನಲ್ಲಿ ಬೆಳಕು ಹರಿಯುವ ಮುನ್ನವೇ ಒಂದು ಬಾಗಿಲು ಕಿರ್ರೆನ್ನುತ್ತದೆ. ಚಳಿಗೆ ಸೆಟೆದ ಬೆರಳುಗಳನ್ನು ಉಮ್ಸುನಾಯ್ ಚಹಾದ ಬಟ್ಟಲಿಗೆ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಮರಗಟ್ಟಿದ ಕೈಯಲ್ಲಿ ಕಂಪ್ಯೂಟರ್ ಮುಟ್ಟುವಂತಿಲ್ಲ. ಇವತ್ತು ಹೊಸದನ್ನು ಜೋಡಿಸುವ ಮೊದಲು ನಿನ್ನೆ ಅಂಟಿದ ಕಳಂಕ ತೊಳೆಯಬೇಕಿದೆ.

ನಿನ್ನೆ ಸಂಜೆ ಗಿರಾಕಿ ಮುದುಕಿ ಕಲಿಪಾ ಅಪಾ, ಮೊಮ್ಮಗಳಿಗೆಂದು ಒಯ್ದಿದ್ದ ಹೊಸ ಕಂಪ್ಯೂಟರನ್ನು ವಾಪಸು ತಂದು ಇಡೀ ಸಾಲಿಗೆ ಕೇಳುವಂತೆ ಕೂಗಾಡಿದ್ದರು. ಹಾರ್ಡ್ ಡಿಸ್ಕೇ ಇಲ್ಲವೆಂದು ಪರದೆ ಹೇಳುತ್ತಿದೆ, ಉಮ್ಸುನಾಯ್ ಒಳ್ಳೆಯದನ್ನು ಕದ್ದು ಸತ್ತದ್ದನ್ನು ಕೂರಿಸಿದ್ದಾಳೆ ಎಂಬುದು ಆರೋಪ. ಅಂಗಡಿಯ ಯಜಮಾನ ಮಮಾಸಾದಿಕನದು ಹಿತ್ತಾಳೆ ಕಿವಿ. ಪೆಟ್ಟಿಗೆ ಬಿಚ್ಚಿಯೂ ನೋಡದೆ ತಾನೂ ಅವಳನ್ನು ಕಳ್ಳಿ ಎಂದ. ಆಗಲೇ ಕರೆಂಟು ಹೋಯಿತು. ಬೆಳಿಗ್ಗೆ ಎಲ್ಲರೆದುರು ನೋಡೋಣ, ತಪ್ಪು ಅವಳದಾದರೆ ಕೆಲಸವಿಲ್ಲ ಎಂದುಬಿಟ್ಟ.

ಉಮ್ಸುನಾಯ್ ಮೊದಲು ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಅದು ಮುಚ್ಚಿದ ಮೇಲೆ ಇಲ್ಲಿ ಕಸ ಗುಡಿಸುತ್ತ, ನೋಡಿ ನೋಡಿಯೇ ಕಲಿತಳು. ಈಗ ದಿನಕ್ಕೆ ನಾಲ್ಕೈದು ಕಂಪ್ಯೂಟರ್ ಜೋಡಿಸುತ್ತಾಳೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಮಾತ್ರ ಯಜಮಾನನ ಹೆಸರು. "ಓಡಿದ್ರೆ ಅದು ಬಾಯ್ಕೆಯ ಕಂಪ್ಯೂಟರ್. ನಿಂತ್ರೆ ಉಮ್ಸುನಾಯ್ ಕಟ್ಟಿದ್ದು," ಎನ್ನುತ್ತಾಳೆ. ಯಜಮಾನನನ್ನು ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆಯುತ್ತಾಳೆ. ಎಂಥ ಅಣ್ಣನೋ.

ಕಲಿಪಾ ಅಪಾ ಬರುತ್ತಾರೆ. ಬೆನ್ನಿಗೇ ತಮಾಷೆ ನೋಡಲು ಅಕ್ಕಪಕ್ಕದ ಅಂಗಡಿಯವರು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚುತ್ತಿದ್ದಂತೆ ಧೂಪಕ್ಕೆ ಸುಡುವ ಅರ್ಚಾ ಸೊಪ್ಪಿನ ಹೊಗೆವಾಸನೆ ಮೂಗಿಗೆ ಬಡಿಯುತ್ತದೆ. ಉಮ್ಸುನಾಯ್ ಸ್ವಿಚ್ ಹಾಕಿ ಡಿಸ್ಕಿನ ಮೇಲೆ ಅಂಗೈ ಇಡುತ್ತಾಳೆ. ಕಂಪನವಿಲ್ಲ, ಅಂದರೆ ಅದಕ್ಕೆ ಕರೆಂಟೇ ತಲುಪುತ್ತಿಲ್ಲ. ಸ್ವಿಚ್ ಆರಿಸಿ ಡಿಸ್ಕಿನ ಹಿಂದಕ್ಕೆ ಟಾರ್ಚ್ ಬಿಡುತ್ತಾಳೆ. ಕರೆಂಟಿನ ವೈರಿಗೆ ಬಿಗಿದು ಕಟ್ಟಿದ ಮೂರು ಮೂಲೆಯ ಚರ್ಮದ ತಾಯಿತವೊಂದು ತೂಗುತ್ತಿದೆ. ಕಟ್ಟುವಾಗ ಎಳೆದ ರಭಸಕ್ಕೆ ವೈರಿನ ತುದಿ ಅರ್ಧ ಕಳಚಿದೆ.

ಹೊಸ ವಸ್ತುವಿಗೆ ಹೊಗೆ ಹಾಕಿ ದೃಷ್ಟಿ ತೆಗೆಯದ ಮನೆ ಇಲ್ಲಿ ಯಾವುದಿದೆ? ತಾಯಿತ ಹೊರಗೆ ಕಟ್ಟಿದರೆ ಮೊಮ್ಮಗಳು ನಗುತ್ತಾಳೆಂದು ಒಳಗೆ ಕಟ್ಟಿದೆ ಎಂದು ಅಪಾ ತಡವರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ದುಡಿಯುವ ಹೆಂಗಸನ್ನು ಕಳ್ಳಿ ಎನ್ನಲು ಇಷ್ಟೇ ಸಾಕೇ? ಎಲುಬಿಲ್ಲದ ನಾಲಿಗೆಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ?

ಉಮ್ಸುನಾಯ್ ತಾಯಿತ ಬಿಚ್ಚಿ ಎರಡೂ ಕೈಯಲ್ಲಿ ಅಪಾಗೆ ಒಪ್ಪಿಸಿ, ವೈರನ್ನು ಒತ್ತಿ ಕೂರಿಸಿ ಸ್ವಿಚ್ ಹಾಕುತ್ತಾಳೆ. ಡಿಸ್ಕು ಗುಂಯ್‌ಗುಡುತ್ತದೆ, ಪರದೆಯಲ್ಲಿ ಅದರ ಹೆಸರು ಮೂಡುತ್ತದೆ. ಅಪಾ ಅವಳತ್ತ ಬಾಗಿ, ತಪ್ಪಾಯಿತು ಮಗಳೇ ಎಂದು ಪಿಸುಗುಟ್ಟುತ್ತಾರೆ.

"ಕಳ್ಳಿ ಅಂದಿದ್ದು ಸಾಲಿಗೆಲ್ಲ ಕೇಳಿಸ್ತು, ಅಪಾ. ಇದನ್ನ ಮಾತ್ರ ನನ್ನ ಕಿವೀಲಿ ಯಾಕೆ ಹೇಳ್ತೀರಿ?"

ಹಿರಿಯರಿಗೆ ಹೀಗೆ ಎದುರಾಡುವುದು ಈ ಊರಲ್ಲಿ ಸಣ್ಣ ಮಾತಲ್ಲ. ನೆರೆದವರು ನೆಲ ನೋಡುತ್ತಾರೆ. ಅಪಾ ತಲೆವಸ್ತ್ರ ಸರಿಪಡಿಸಿಕೊಂಡು ಬಾಗಿಲಿಗೆ ಬಂದು, ಈ ಹುಡುಗಿಯ ಕೈ ಶುದ್ಧವಾಗಿದೆ, ತಪ್ಪು ನನ್ನದೇ ಎಂದು ನಿನ್ನೆಯಷ್ಟೇ ಜೋರಾಗಿ ಹೇಳುತ್ತಾರೆ.

ಮಮಾಸಾದಿಕ್ ಗಂಟಲು ಸರಿಮಾಡಿಕೊಳ್ಳುತ್ತಾನೆ. "ಮುಗೀತಲ್ಲ, ಇನ್ನು ಕೆಲಸ ನೋಡು."

ಉಮ್ಸುನಾಯ್ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಡುತ್ತಾಳೆ.

"ಅಪಾದು ಮುಗೀತು, ಬಾಯ್ಕೆ. ನಿಮ್ಮದು ಇನ್ನೂ ಆಗಿಲ್ಲ."